ಕಾಳಗದ ಬಯಲಿಗೂ ಒಂದು ಎಲ್ಲೆ ಬೇಕು

ಪುಣೆಯ ಆಸುಪಾಸಿನಲ್ಲಿ ಹದಿನೈದು ವರ್ಷಗಳ ಅವಧಿಯಲ್ಲಿ ನಾಲ್ಕು ಕಾಳಗಗಳು ನಡೆದವು. 1802ರ ಅಕ್ಟೋಬರ್ 25ರಂದು ಹಡಪಸರ, 1817ರ ನವೆಂಬರ್ 5ರಂದು ಖಡಕಿ, ಅದೇ ತಿಂಗಳ 16ರಂದು ಯೆರವಡಾ, 1818ರ ಜನವರಿ 1ರಂದು ಭೀಮಾ ನದಿಯ ದಂಡೆಯ ಕೋರೆಗಾಂವ್. ಪೇಶ್ವೆಯರ ಆಳ್ವಿಕೆಯ ಕೊನೆಯ ಅಧ್ಯಾಯ ಬರೆದದ್ದು ಈ ನಾಲ್ಕು ಬಯಲುಗಳ ಮೇಲೆ. ಆದರೆ ಭಾರತದ ಪುರಾತತ್ವ ಕಾನೂನಿನಲ್ಲಿ ‘ಯುದ್ಧಭೂಮಿ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಕೋಟೆ, ಗುಡಿ, ಗೋರಿ, ಕಂಬಗಳಿಗೆ ರಕ್ಷಣೆಯ ದಾರಿ ಇದೆ. ದಂಡುಗಳು ಎದುರುಬದುರಾದ ಹೊಲ, ಕುದುರೆಗಳು ಹಾಯ್ದ ಹಳ್ಳ, ಫಿರಂಗಿ ಏರಿಸಿದ ದಿಬ್ಬಕ್ಕೆ ಅಂಥ ದಾರಿಯನ್ನು ಹುಡುಕಬೇಕು.

ಪುಣೆ ಕ್ಯಾಂಪ್ ಹುಟ್ಟಿದ್ದೇ ಈ ಕಾಳಗಗಳಿಂದ. ಹಡಪಸರ, ವಾನವಡಿ, ಘೋರ್ಪಡಿಗಳ ನಡುವಿನ ಬಯಲಿನಲ್ಲಿ ಯಶವಂತರಾವ್ ಹೋಳ್ಕರ್ ಪೇಶ್ವೆ ಮತ್ತು ಶಿಂದೆ ಪಡೆಗಳನ್ನು ಸೋಲಿಸಿದ ದಿನ ಪೇಶ್ವೆ ಎರಡನೆಯ ಬಾಜೀರಾಯ ಪುಣೆ ಬಿಟ್ಟು ಓಡಿದ. ಆ ವರ್ಷದ ಡಿಸೆಂಬರ್ 31ರಂದು ವಸಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದ. ಅವನನ್ನು ಮತ್ತೆ ಗಾದಿಗೆ ಕೂರಿಸಲು ಆರ್ಥರ್ ವೆಲ್ಲೆಸ್ಲಿಯ ದಂಡು ಹೊರಟದ್ದು ಕನ್ನಡ ನಾಡಿನ ಹರಿಹರದಿಂದ. 1803ರ ಮಾರ್ಚ್‌ನಲ್ಲಿ ತುಂಗಭದ್ರೆಯ ದಡ ಬಿಟ್ಟ ಆ ಸೈನ್ಯ ಏಪ್ರಿಲ್ 20ರಂದು ಪುಣೆ ಮುಟ್ಟಿತು. ಅಲ್ಲಿಂದ ಮುಂದೆ ಕಂಪನಿಯ ಪಡೆ ಪುಣೆಯ ಅಂಚಿನಲ್ಲೇ ಬೀಡು ಬಿಟ್ಟಿತು. 1817ರಲ್ಲಿ ಆ ಬೀಡು ಖಾಯಂ ದಂಡುಪ್ರದೇಶವಾಯಿತು. ಇಂದಿನ ಮಹಾತ್ಮಾ ಗಾಂಧಿ ರಸ್ತೆಯ ಅಂಗಡಿಸಾಲು, 1825ರಲ್ಲಿ ಪವಿತ್ರೀಕರಣಗೊಂಡ ಸೇಂಟ್ ಮೇರಿ ಚರ್ಚು, ರೇಸ್‌ಕೋರ್ಸು, ದಕ್ಷಿಣ ಕಮಾಂಡಿನ ಕಚೇರಿಗಳು ಎಲ್ಲವೂ ಅದರ ನಂತರ ಬಂದವು. ಹಡಪಸರದ ಕಾಳಗದ ನೆಲ ಬಹುಮಟ್ಟಿಗೆ ಈಗ ಮನೆ, ಕಾರ್ಖಾನೆ, ಐಟಿ ಕಟ್ಟಡಗಳ ಅಡಿಗೆ ಸೇರಿದೆ. ಅಲ್ಲಿ ರಕ್ಷಿಸಲು ಉಳಿದದ್ದು ಕಡಿಮೆ.

ಖಡಕಿಯ ಸಂಗತಿ ಬೇರೆ. ಅಲ್ಲಿ ನೆಲ ಇನ್ನೂ ಓದುವಷ್ಟು ಉಳಿದಿದೆ.

1817ರ ಅಕ್ಟೋಬರ್ ಕೊನೆಯಲ್ಲಿ ಕಂಪನಿಯ ಬ್ರಿಗೇಡು ನಗರಕ್ಕೆ ತೀರ ಹತ್ತಿರದ ಗಾರ್ಪೀರ್ ಬಯಲಿನಲ್ಲಿತ್ತು. ಪೇಶ್ವೆಯ ಪಡೆಗಳು ದಿನದಿನಕ್ಕೂ ಸುತ್ತುವರಿಯುತ್ತಿದ್ದವು. ನವೆಂಬರ್ 1ರಂದು ಕಂಪನಿಯ ರೆಸಿಡೆಂಟ್ ಎಲ್ಫಿನ್‌ಸ್ಟನ್ ಆ ಬ್ರಿಗೇಡನ್ನು ಉತ್ತರಕ್ಕೆ, ಖಡಕಿಯ ದಿಬ್ಬಕ್ಕೆ ಸರಿಸಿದ. 5ರ ಮಧ್ಯಾಹ್ನ ಮುಳಾ-ಮುಠಾ ಸಂಗಮದಲ್ಲಿದ್ದ ರೆಸಿಡೆನ್ಸಿಯನ್ನು ಬಿಟ್ಟು ತಾನೂ ಹೊರಟ. ಅವನು ಹೊರಟ ಬೆನ್ನಿಗೆ ಮರಾಠರು ರೆಸಿಡೆನ್ಸಿಗೆ ಬೆಂಕಿಯಿಟ್ಟರು. ಅವನ ಪುಸ್ತಕಗಳೂ ಕೈಬರಹಗಳೂ ಅದರಲ್ಲಿ ಸುಟ್ಟುಹೋದವು. ದಾಪೋಡಿಯಲ್ಲಿದ್ದ ಮೇಜರ್ ಫೋರ್ಡ್‌ನ ಪಲ್ಟಣ ಮುಳಾ ನದಿ ದಾಟಿ ಬಂದು ಬ್ರಿಗೇಡಿನ ನಾಯಕ ಕರ್ನಲ್ ಬರ್‌ನ ಸಾಲಿಗೆ ಸೇರಿಕೊಂಡಿತು. ಬಾಪು ಗೋಖಲೆಯ ನೇತೃತ್ವದ ಮರಾಠಾ ಸೈನ್ಯ ಗಣೇಶಖಿಂಡಿನ ಕಣಿವೆಯಿಂದ ಚತುಃಶೃಂಗಿ ಗುಡ್ಡದ ಬುಡದವರೆಗೂ ಹರಡಿತ್ತು. ಕಂಪನಿಯ ಕಡೆ ಸುಮಾರು 2800 ಕಾಲಾಳುಗಳು, ಎದುರಿಗೆ ಸುಮಾರು 18,000 ಕುದುರೆ ಸವಾರರು, 8,000 ಕಾಲಾಳುಗಳು, 14 ಫಿರಂಗಿಗಳು. ಬಾಜೀರಾಯ ನಗರದ ದಕ್ಷಿಣಕ್ಕಿರುವ ಪರ್ವತಿ ಗುಡ್ಡದ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದ.

ಆ ಸಂಜೆಯ ಗತಿ ಬದಲಿಸಿದ್ದು ಒಂದು ಕೆಸರುಹಳ್ಳ. ಕಂಪನಿಯ ಎಡಬದಿಯ ಮುಂದೆ ನೀರು ಬಸಿದು ಮೆತ್ತಗಾಗಿದ್ದ ತಗ್ಗು ಇತ್ತು. ದೂರದಿಂದ ಯಾರಿಗೂ ಕಾಣುವಂತಿರಲಿಲ್ಲ. ನಾಗಾಲೋಟದಲ್ಲಿ ಬಂದ ಮರಾಠಾ ಕುದುರೆಗಳು ಅದರಲ್ಲಿ ಹೂತವು, ಹಿಂದಿನವು ಮುಂದಿನವುಗಳ ಮೇಲೆ ಬಿದ್ದವು. ಆ ಗೊಂದಲದ ಮೇಲೆ ಕಂಪನಿಯ ಸಾಲಿನಿಂದ ಗುಂಡಿನ ಮಳೆ ಸುರಿಯಿತು. ಮರಾಠರ ನಾಯಕರಲ್ಲೊಬ್ಬನಾದ ಮೋರೋ ದೀಕ್ಷಿತ್ ಬಿದ್ದ. ಕತ್ತಲಾಗುವ ಹೊತ್ತಿಗೆ ಕಂಪನಿಯ ಕಡೆ 86 ಮಂದಿ, ಮರಾಠರ ಕಡೆ ಸುಮಾರು 500 ಮಂದಿ ಸತ್ತವರು ಮತ್ತು ಗಾಯಗೊಂಡವರ ಲೆಕ್ಕಕ್ಕೆ ಸೇರಿದ್ದರು. ಯೆರವಡಾದ ಕಾಳಗದ ಮರುದಿನ, 17ರಂದು ಪುಣೆ ಶರಣಾಯಿತು.

ಇಷ್ಟು ವಿವರ ಹೇಳಲು ಕಾರಣವಿದೆ. ಈ ಕಾಳಗವನ್ನು ಅರ್ಥಮಾಡಿಕೊಳ್ಳಲು ಬೇಕಾದ ಜಾಗಗಳೆಂದರೆ ಸಂಗಮ, ಗಣೇಶಖಿಂಡ್, ಚತುಃಶೃಂಗಿ, ದಾಪೋಡಿಯ ಕಡೆ ಮುಳಾ ನದಿ ಹಾಯುವ ಜಾಗ, ಖಡಕಿಯ ದಿಬ್ಬ, ಆ ಕೆಸರುತಗ್ಗು. ಪರ್ವತಿಯಿಂದ ಖಡಕಿಗೆ ನೇರ ಅಳೆದರೆ ಸುಮಾರು ಏಳು ಕಿಲೋಮೀಟರ್. 1958ರ ಪ್ರಾಚೀನ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಒಂದು ಗುಡಿಗೋ ಬುರುಜಿಗೋ ಈ 300 ಮೀಟರ್ ಸಾಕಾಗಬಹುದು. ಏಳು ಕಿಲೋಮೀಟರ್ ಉದ್ದಕ್ಕೆ ಹರಡಿದ ಕಾಳಗಕ್ಕೆ ಅದು ಏನೇನೂ ಅಲ್ಲ. ಒಂದು ಬಿಂದುವಿನ ಸುತ್ತ ವೃತ್ತ ಎಳೆಯುವ ರೂಢಿಯೇ ಇಲ್ಲಿ ಸಲ್ಲದು. ಯುದ್ಧಭೂಮಿಯ ಎಲ್ಲೆಯನ್ನು ಕಾಳಗ ನಡೆದ ಆಕಾರದಲ್ಲೇ ಎಳೆಯಬೇಕು.

ಖಡಕಿಯ ನೆಲ ಇಷ್ಟಾದರೂ ಉಳಿದದ್ದು ಯಾರೋ ಯುದ್ಧಭೂಮಿಯನ್ನು ಕಾಪಾಡಬೇಕೆಂದು ಹೊರಟದ್ದರಿಂದಲ್ಲ. ಗೆದ್ದವರು ಅದೇ ದಿಬ್ಬದ ಮೇಲೆ ದಂಡುಪ್ರದೇಶ ಮಾಡಿದರು. 1869ರಲ್ಲಿ ಮದ್ದುಗುಂಡು ಕಾರ್ಖಾನೆ ಬಂತು. ಗಣೇಶಖಿಂಡಿನಲ್ಲಿ ಮುಂಬಯಿ ಗವರ್ನರನ ಮಳೆಗಾಲದ ಬಂಗಲೆ ಎದ್ದಿತು. ಸ್ವಾತಂತ್ರ್ಯದ ನಂತರ, 1949ರಲ್ಲಿ ಸ್ಥಾಪನೆಯಾದ ಪುಣೆ ವಿಶ್ವವಿದ್ಯಾಲಯ ಆ ಬಂಗಲೆಗೂ ಅದರ ನಾನೂರಕ್ಕೂ ಮಿಕ್ಕ ಎಕರೆಯ ಮರದೋಪಿಗೂ ಒಡೆಯನಾಯಿತು. ಸೇನೆಯ ಬೇಲಿ, ವಿಶ್ವವಿದ್ಯಾಲಯದ ಪಾಗಾರ ಇವೆರಡೂ ನಗರವನ್ನು ಹೊರಗಿಟ್ಟವು. ಆ ಬೇಲಿಗಳು ಈಗ ಸಡಿಲಗೊಳ್ಳುತ್ತಿವೆ. ದಂಡುಪ್ರದೇಶಗಳ ನಾಗರಿಕ ಭಾಗಗಳನ್ನು ಬೇರ್ಪಡಿಸಿ ಪಕ್ಕದ ನಗರಸಂಸ್ಥೆಗಳಿಗೆ ಸೇರಿಸುವ ಕೆಲಸಕ್ಕೆ ರಕ್ಷಣಾ ಸಚಿವಾಲಯ ಕೈಹಾಕಿದೆ. 2023ರಲ್ಲಿ ಹಿಮಾಚಲದ ಖಾಸ್ ಯೋಲ್ ಇದಕ್ಕೆ ಮೊದಲು ಒಳಪಟ್ಟಿತು. ಪುಣೆ ಕ್ಯಾಂಪ್ ಮತ್ತು ಖಡಕಿಗಳೂ ಈ ಯೋಜನೆಯ ಚರ್ಚೆಯಲ್ಲಿವೆ. ಜಮೀನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಮೇಲೆ ನಕ್ಷೆ ತೆಗೆದು ಕೂತರೆ ತಡವಾಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಕಾಳಗದ ಯಾವ ಭಾಗವಿದೆ ಎಂಬುದು ಹಸ್ತಾಂತರಕ್ಕೆ ಮುಂಚೆಯೇ ಕಾಗದದ ಮೇಲೆ ಬರಬೇಕು.

ಕೋರೆಗಾಂವಿನಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. 1817ರ ಡಿಸೆಂಬರ್ 31ರ ರಾತ್ರಿ ಕಂಪನಿಯ ಕ್ಯಾಪ್ಟನ್ ಸ್ಟಾಂಟನ್‌ನ ದಂಡು ಶಿರೂರಿನಿಂದ ಹೊರಟಿತು. ಮುಂಬಯಿ ನೇಟಿವ್ ಇನ್‌ಫೆಂಟ್ರಿಯ ಸುಮಾರು 500 ಕಾಲಾಳುಗಳು, ಪುಣೆಯ ಸಹಾಯಕ ಕುದುರೆದಳ, ಎರಡು ಫಿರಂಗಿ ಹೊತ್ತ ಮದ್ರಾಸ್ ಆರ್ಟಿಲರಿ, ಎಲ್ಲ ಸೇರಿ 834 ಮಂದಿ. ಬೆಳಿಗ್ಗೆ ಭೀಮಾ ನದಿಯ ಆಚೆ ದಡದಲ್ಲಿ ಪೇಶ್ವೆಯ 28,000ದಷ್ಟು ಸೈನ್ಯ ಕಂಡಿತು. ಅದರಲ್ಲಿ ಕಾಳಗಕ್ಕಿಳಿದದ್ದು ಸುಮಾರು 2,000. ಸ್ಟಾಂಟನ್ ಕೋರೆಗಾಂವಿನ ಮಣ್ಣುಗೋಡೆಯ ಒಳಗೆ ನುಗ್ಗಿದ. ಅರಬ್ಬರು, ಗೋಸಾಯಿಗಳು, ಮರಾಠರ ತುಕಡಿಗಳು ಊರಿನ ಇನ್ನೊಂದು ಬದಿಯಿಂದ ನುಗ್ಗಿದವು. ನದಿಗೆ ಹೋಗುವ ದಾರಿ ಮುಚ್ಚಿದ್ದರಿಂದ ರಾತ್ರಿಯಿಡೀ ನಡೆದು ಬಂದವರಿಗೆ ಹಗಲೆಲ್ಲ ನೀರು ಸಿಗಲಿಲ್ಲ. ಓಣಿ ಓಣಿಯಲ್ಲಿ, ಗುಡಿಯ ಸುತ್ತ, ಫಿರಂಗಿಗಳ ಮೇಲೆ ರಾತ್ರಿ ಒಂಬತ್ತರ ತನಕ ಹೊಡೆದಾಟ ನಡೆಯಿತು. ಕಂಪನಿಯ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275. ಜನರಲ್ ಸ್ಮಿತ್‌ನ ದಂಡು ಹತ್ತಿರ ಬರುತ್ತಿದೆ ಎಂದು ತಿಳಿದ ಪೇಶ್ವೆ ದಕ್ಷಿಣಕ್ಕೆ ಸರಿದ, ಸ್ಟಾಂಟನ್ ಶಿರೂರಿಗೆ ಹಿಂದಿರುಗಿದ.

1821ರ ಮಾರ್ಚ್ 26ರಂದು ಜಯಸ್ತಂಭದ ಅಡಿಗಲ್ಲು ಬಿತ್ತು. ಅದರ ಮೇಲೆ ಮಡಿದವರ 49 ಹೆಸರುಗಳಿವೆ. ಇಪ್ಪತ್ತೆರಡು ಹೆಸರುಗಳು ‘ನಾಕ್’ ಎಂದು ಮುಗಿಯುತ್ತವೆ, ಅವು ಮಹಾರ ಯೋಧರವು. 1927ರ ಜನವರಿ 1ರಂದು ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಿಗೆ ಬಂದರು. ಅಂದಿನಿಂದ ಅದು ದಲಿತರ ಸ್ವಾಭಿಮಾನದ ಯಾತ್ರಾಸ್ಥಳ. 1941ರ ಅಕ್ಟೋಬರ್‌ನಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಮಹಾರ್ ರೆಜಿಮೆಂಟಿನ ಮೊದಲ ಲಾಂಛನದ ಮೇಲೂ ಇದೇ ಕಂಬವಿತ್ತು. ಈಗ ಪ್ರತಿ ಜನವರಿ 1ರಂದು ಲಕ್ಷಾಂತರ ಜನ ಸೇರುತ್ತಾರೆ, ಕರ್ನಾಟಕದ ಜಿಲ್ಲೆಗಳಿಂದಲೂ ಬರುತ್ತಾರೆ. 2018ರ ಅದೇ ದಿನ ಅಲ್ಲಿ ನಡೆದ ಹಿಂಸೆಯ ಗಾಯ ಇನ್ನೂ ಹಸಿಯಾಗಿದೆ. ಕಂಬದ ಸುತ್ತಲಿನ ಜಮೀನಿನ ಒಡೆತನದ ವಿವಾದವೂ ನ್ಯಾಯಾಲಯದ ಮೆಟ್ಟಿಲೇರಿದೆ.

ಕಂಬವಿರುವುದು ನದಿಯ ಪುಣೆ ಬದಿಯಲ್ಲಿ, ಹವೇಲಿ ತಾಲ್ಲೂಕಿನ ಪೆರ್ಣೆಯಲ್ಲಿ. ಕಾಳಗ ನಡೆದ ಊರಿರುವುದು ನದಿಯಾಚೆ, ಶಿರೂರು ತಾಲ್ಲೂಕಿನಲ್ಲಿ. ಕಂಬವನ್ನಷ್ಟೇ ನಡುವಿನಲ್ಲಿಟ್ಟು ಎಲ್ಲೆ ಎಳೆದರೆ ಕಾಳಗವೇ ಹೊರಗುಳಿಯುತ್ತದೆ. ಎಲ್ಲೆ ಹಿಗ್ಗಬೇಕಾದರೆ ಎರಡು ತಾಲ್ಲೂಕು ಕಚೇರಿಗಳು, ಒಂದು ನದಿ, ಅಹಿಲ್ಯಾನಗರದ ಹೆದ್ದಾರಿ, ನೂರಾರು ಸಾತ್‌ಬಾರಾ ಉತಾರಗಳು (ಪಹಣಿಗಳು) ಒಂದೇ ನಕ್ಷೆಯೊಳಗೆ ಬರಬೇಕು. ಅದಕ್ಕೆ ಶ್ರಮವಿದೆ, ಆದರೆ ಫಲವೂ ದೊಡ್ಡದು. ಕಂಬ ಒಂದು ಪಕ್ಷದ ಸತ್ತವರ ಹೆಸರನ್ನಷ್ಟೇ ಹೇಳುತ್ತದೆ. ಬಯಲು ಉಳಿದರೆ ನೀರಿಲ್ಲದೆ ಹೋರಾಡಿದ ಮಹಾರ ಸಿಪಾಯಿಯ ಸಾಹಸಕ್ಕೂ, ಎದುರು ಬಿದ್ದ ಅರಬ್ಬನ ಸಾವಿಗೂ, ಮನೆಯೊಳಗೇ ಯುದ್ಧ ಕಂಡ ಊರಿನವರ ಸಂಕಟಕ್ಕೂ ಸ್ಥಳವಿರುತ್ತದೆ.

ಹೀಗೆ ಬಿಂದುವಿನಿಂದ ಬಯಲಿಗೆ ಎಲ್ಲೆ ಹಿಗ್ಗಿಸಿದ ಅನುಭವ ಬೇರೆಡೆ ಇದೆ. ಇಂಗ್ಲೆಂಡಿನಲ್ಲಿ 1485ರ ಬಾಸ್‌ವರ್ತ್ ಕಾಳಗ ಆಂಬಿಯನ್ ಗುಡ್ಡದ ಮೇಲೆ ನಡೆಯಿತೆಂದು ಬಹುಕಾಲ ನಂಬಿದ್ದರು. ಲೋಹಶೋಧಕ ಹಿಡಿದು ಹೊಲ ಹೊಲ ಸುತ್ತಿದ ಸಮೀಕ್ಷೆಯಲ್ಲಿ ಸೀಸದ ಗುಂಡುಗಳೂ ಮೂರನೆಯ ರಿಚರ್ಡ್‌ನ ಗುರುತಾದ ಬೆಳ್ಳಿಯ ಕಾಡುಹಂದಿಯ ಬಿಲ್ಲೆಯೂ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಸಿಕ್ಕವು. ಆಮೇಲೆ ರಕ್ಷಿತ ಎಲ್ಲೆಯನ್ನೇ ಹೊಸದಾಗಿ ಎಳೆಯಲಾಯಿತು. ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಕಾಳಗದ ನೆಲದ ಮೇಲೆ ಟ್ರಾಮ್ ಹಳಿ ಹಾಕಲು ಹೊರಟ ಕಂಪನಿಯ ವಿರುದ್ಧ ಸರ್ಕಾರ ಹೋರಾಡಿತು. ಯುದ್ಧಭೂಮಿ ಉಳಿಸಲು ಜಮೀನು ವಶಪಡಿಸಿಕೊಳ್ಳುವುದು ಸಾರ್ವಜನಿಕ ಉದ್ದೇಶವೇ ಎಂದು ಆ ದೇಶದ ಸುಪ್ರೀಂ ಕೋರ್ಟ್ 1896ರಲ್ಲಿ ತೀರ್ಪಿತ್ತಿತು. 1990ರಲ್ಲಿ ಕಾಯ್ದೆಯ ಮೂಲಕ ಉದ್ಯಾನದ ಎಲ್ಲೆ ಹಿಗ್ಗಿತು. 2000ದ ಜುಲೈ 3ರಂದು, ನೋಟಕ್ಕೆ ಅಡ್ಡವಾಗಿದ್ದ ಮುನ್ನೂರು ಅಡಿಗೂ ಎತ್ತರದ ಖಾಸಗಿ ಗೋಪುರವನ್ನು ಕೆಡವಿದರು. ನೆಲದಂತೆ ನೋಟವೂ ಯುದ್ಧಭೂಮಿಯ ಭಾಗವೆಂಬ ತಿಳಿವಳಿಕೆ ಇದರ ಹಿಂದಿದೆ. ಪರ್ವತಿಯಿಂದ ಖಡಕಿ ಕಾಣಬೇಕೆಂಬುದೂ ಅಂಥದೇ ಮಾತು.

ಕನ್ನಡ ನಾಡಿನಲ್ಲಿ ಪಾಠ ಎರಡು ಕಡೆ ಸಿಗುತ್ತದೆ. ಶ್ರೀರಂಗಪಟ್ಟಣದಲ್ಲಿ ದ್ವೀಪದ ಕೋಟೆ, ಅರಮನೆ, ಗುಂಬಜುಗಳಿಗೆ ರಕ್ಷಣೆಯಿದೆ. ಆದರೆ 1799ರ ಮೇ 4ರಂದು ಕಂಪನಿಯ ದಂಡು ನುಗ್ಗಿದ ಕೋಟೆಯ ಬಿರುಕನ್ನು ಅದಕ್ಕೂ ಮುಂಚೆ ಕೊರೆದ ಫಿರಂಗಿಗಳು ನಿಂತದ್ದು ಕಾವೇರಿಯ ಆಚೆ ದಡದಲ್ಲಿ. ಮುತ್ತಿಗೆಯ ಒಂದು ತುದಿಯನ್ನಷ್ಟೇ ಕಾಪಾಡಿದಂತಾಗಿದೆ. 2017ರಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡಬಂದ ಟಿಪ್ಪುವಿನ ಮದ್ದಿನ ಮನೆಯನ್ನು ಕೆಡವದೆ, ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸರಿಸಿದರು. ಕಟ್ಟಡ ಉಳಿಯಿತು, ಅದು ಯುದ್ಧದ ಹೊತ್ತಿನಲ್ಲಿ ನಿಂತಿದ್ದ ಜಾಗ ಉಳಿಯಲಿಲ್ಲ. ಹಂಪಿಯಲ್ಲಿ ಮಾತ್ರ ರಾಜ್ಯ ಬೇರೆ ದಾರಿ ಹಿಡಿಯಿತು. ಬಿಡಿ ಸ್ಮಾರಕಗಳ ರಕ್ಷಣೆ ಸಾಲದೆಂದು ಕಂಡ ಮೇಲೆ 2002ರ ಪ್ರತ್ಯೇಕ ಕಾಯ್ದೆಯಿಂದ 29 ಹಳ್ಳಿಗಳ ಸುಮಾರು 236 ಚದರ ಕಿಲೋಮೀಟರ್ ಪ್ರದೇಶವನ್ನು ಒಂದು ಪ್ರಾಧಿಕಾರದ ಕೈಗೆ ಒಪ್ಪಿಸಿತು. ಅಲ್ಲಿ ಮನೆ ಕಟ್ಟುವವರ, ಅಂಗಡಿ ಇಡುವವರ ಅಸಮಾಧಾನ ಇಂದಿಗೂ ಇದೆ. ಹೀಗಾಗಿ ಹಂಪಿಯಿಂದ ಕಲಿಯಬೇಕಾದದ್ದು ಎಲ್ಲೆಯ ವಿಸ್ತಾರವನ್ನಷ್ಟೇ ಅಲ್ಲ, ಅದರೊಳಗೆ ಬದುಕುವವರ ಮಾತನ್ನು ಮೊದಲೇ ಕೇಳಬೇಕೆಂಬುದನ್ನೂ.

ಪುಣೆಯಲ್ಲಿ ಕೆಲಸ ಶುರುವಾಗಬೇಕಾದದ್ದು ನಕ್ಷೆಯಿಂದ. ಎಲ್ಫಿನ್‌ಸ್ಟನ್‌ನ ಸಹಾಯಕನಾಗಿದ್ದ ಗ್ರಾಂಟ್ ಡಫ್ 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸದಲ್ಲಿ ಖಡಕಿಯ ನೆಲದ ವರ್ಣನೆಯಿದೆ. ಅದನ್ನು, ಮರಾಠಿಯ ಬಖರು (ವೃತ್ತಾಂತ) ಮತ್ತು ಮೋಡಿ ಲಿಪಿಯ ದಾಖಲೆಗಳನ್ನು, ಹಳೆಯ ಸರ್ವೆ ನಕ್ಷೆಗಳನ್ನು ಇಂದಿನ ಡ್ರೋನ್ ಚಿತ್ರದ ಮೇಲಿಟ್ಟು ಹಳ್ಳ, ದಿಬ್ಬ, ನದಿ ಹಾಯುವ ಜಾಗಗಳನ್ನು ಗುರುತಿಸಬೇಕು. ಲೋಹಶೋಧಕದ ಸಮೀಕ್ಷೆ ಖಡಕಿಯಲ್ಲಿ ಸುಲಭವಲ್ಲ. ಎರಡು ಶತಮಾನಗಳ ಸೈನಿಕ ಕವಾಯತಿನ ಗುಂಡುಗಳು ಅದೇ ಮಣ್ಣಿನಲ್ಲಿವೆ, 1817ರ ಉರುಟು ಸೀಸದ ಗುಂಡನ್ನು ನಂತರದವುಗಳಿಂದ ಬೇರ್ಪಡಿಸುವ ಪರಿಣತಿ ಬೇಕು. ಕೋರೆಗಾಂವಿನ ಹೊಲಗಳಲ್ಲಿ ಈ ತೊಡಕು ಕಡಿಮೆ.

ನಕ್ಷೆ ಸಿದ್ಧವಾದ ಮೇಲೆ ಎಲ್ಲೆಯನ್ನು ಮೂರು ಪದರಗಳಲ್ಲಿ ಎಳೆಯುವುದು ಸರಿಯೆನಿಸುತ್ತದೆ. ಹೊಡೆದಾಟ ನಡೆದ ನೆಲದಲ್ಲಿ ಹೊಸ ಕಟ್ಟಡ ಬೇಡ. ದಂಡುಗಳು ಸಾಲುಗಟ್ಟಿದ, ನದಿ ದಾಟಿದ ಜಾಗಗಳಲ್ಲಿ ಕಟ್ಟಡದ ಎತ್ತರಕ್ಕೆ ಮಿತಿ. ನೋಟದ ದಾರಿಗಳಲ್ಲಿ ಕಣಿವೆ ಮುಚ್ಚುವ ಗೋಪುರಗಳಿಗೆ ತಡೆ. ಮೊದಲ ಪದರಕ್ಕೆ ಕೇಂದ್ರದ 1958ರ ಕಾಯ್ದೆಯ ‘ಪುರಾತತ್ವ ನೆಲೆ’ ಎಂಬ ವರ್ಗವನ್ನೋ 1960ರ ಮಹಾರಾಷ್ಟ್ರ ಕಾಯ್ದೆಯನ್ನೋ ಬಳಸಿಕೊಳ್ಳಲು ಸಾಧ್ಯ. ಕೇಂದ್ರದ ಅಧಿಸೂಚನೆ ಹೊರಟರೆ ಜನರಿಗೆ ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳ ಅವಕಾಶವಿರುತ್ತದೆ. ಉಳಿದೆರಡು ಪದರಗಳಿಗೆ 1966ರ ನಗರ ಯೋಜನಾ ಕಾಯ್ದೆಯ ಅಭಿವೃದ್ಧಿ ಯೋಜನೆಯೇ ಸಾಧನ. ಕಟ್ಟುವ ಹಕ್ಕು ಕಳೆದುಕೊಂಡವರಿಗೆ ಪುಣೆಯಲ್ಲಿ ಈಗಾಗಲೇ ಚಾಲ್ತಿಯಲ್ಲಿರುವ ಟಿಡಿಆರ್ (ಅಭಿವೃದ್ಧಿ ಹಕ್ಕಿನ ವರ್ಗಾವಣೆ) ಮೂಲಕ ಬೇರೆಡೆ ಆ ಹಕ್ಕು ಕೊಡಬಹುದು. ಕೋರೆಗಾಂವಿನ ರೈತ ಕಬ್ಬನ್ನೋ ಈರುಳ್ಳಿಯನ್ನೋ ಬೆಳೆಯುತ್ತಲೇ ಇರಬೇಕು. 1818ರಲ್ಲೂ ಅದು ಉಳುವ ನೆಲವೇ ಆಗಿತ್ತು. ಬೇಸಾಯ ಮುಂದುವರಿದರೆ ಬಯಲಿನ ರೂಪ ಕೆಡುವುದಿಲ್ಲ, ಲೇಔಟ್ ಎದ್ದರೆ ಕೆಡುತ್ತದೆ. ಜನವರಿ 1ರ ಜನಸಾಗರಕ್ಕೆ ಬೇಕಾದ ನೀರು, ಶೌಚಾಲಯ, ವಾಹನ ನಿಲುಗಡೆಗಳ ಜಾಗವನ್ನು ಹೊಡೆದಾಟದ ನೆಲದಿಂದ ಹೊರಗೆ, ಇದೇ ನಕ್ಷೆಯಲ್ಲೇ ಗೊತ್ತುಮಾಡಬೇಕು. ಖಡಕಿಯಲ್ಲಿ ಸೇನೆ ಮತ್ತು ವಿಶ್ವವಿದ್ಯಾಲಯದ ವಶದಲ್ಲಿರುವ ನೆಲಕ್ಕೆ ಪರಿಹಾರದ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಮೊದಲ ಅಧಿಸೂಚನೆ ಅಲ್ಲಿಂದಲೇ ಹೊರಡಬಹುದು.