ಹದಿನೇಳು ಏರು, ಹದಿನಾರು ಹಲಗೆ

ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಅಂಥ ಹಂಚು ಹೊದ್ದ ಊರಿನ ಹಳೆಯ ಮನೆಗಳ ಒಳಗೆ ಇನ್ನೊಂದು ಕುಶಲಕೆಲಸವಿದೆ: ಉಪ್ಪರಿಗೆಗೇರುವ ಮರದ ಮೆಟ್ಟಿಲು. ಅದನ್ನು ತಾವೇ ಕಟ್ಟಲು ಹೊರಟ ಹೊಸಬರು ಉಳಿಗಿಂತ ಮೊದಲು ಪೆನ್ಸಿಲ್ ಹಿಡಿಯಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಮನೆಯ ಪ್ರತಿ ಮೆಟ್ಟಿಲಿನ ಎತ್ತರ, ಅಂದರೆ ಏರು, 190 ಮಿ.ಮೀ. ಮೀರಬಾರದು, ಕಾಲಿಡುವ ಅಗಲ 250 ಮಿ.ಮೀ.ಗಿಂತ ಕೆಳಗೆ ಇಳಿಯಬಾರದು. ಕೆಳಗಿನ ನೆಲದಿಂದ ಉಪ್ಪರಿಗೆಯ ನೆಲಕ್ಕೆ 3 ಮೀಟರ್ ಇದ್ದರೆ, 17 ಏರುಗಳಾಗಿ ಹಂಚಿದಾಗ ಒಂದೊಂದೂ ಸುಮಾರು 176 ಮಿ.ಮೀ. ಕೊನೆಯ ಏರು ಉಪ್ಪರಿಗೆಯ ನೆಲಕ್ಕೇ ತಲುಪುವುದರಿಂದ ಕಾಲಿಡುವ ಹಲಗೆ 16 ಸಾಕು. ಅಗಲ 270 ಮಿ.ಮೀ. ಇಟ್ಟರೆ ಮೆಟ್ಟಿಲು 4.32 ಮೀಟರ್ ಜಾಗ ಕೇಳುತ್ತದೆ. ಎರಡು ಏರು, ಒಂದು ಅಗಲ ಸೇರಿದರೆ ಒಂದು ಹೆಜ್ಜೆ ಎಂಬ ಸೂತ್ರ 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್‌ನದು. ಇಲ್ಲಿ ಅದು ಸುಮಾರು 623 ಮಿ.ಮೀ.; ನಡೆಯಲು ಹಿತವಾದ ಅಳತೆ.

ಹೊಸಬರು ಎಡವುವುದು ಮೊದಲ ಮೆಟ್ಟಿಲಲ್ಲೇ. ಗರಗಸದ ಹಲ್ಲಿನಂತೆ ಕೊಯ್ದ ಪಕ್ಕದ ತೊಲೆಗಳ ಮೇಲೆ 30 ಮಿ.ಮೀ. ದಪ್ಪದ ಹಲಗೆ ಕೂರಿಸಿದರೆ ಮೊದಲ ಏರು 30 ಮಿ.ಮೀ. ಹೆಚ್ಚುತ್ತದೆ, ಕೊನೆಯದು ಅಷ್ಟೇ ತಗ್ಗುತ್ತದೆ. ಕಾಲು ಲಯ ತಪ್ಪಿ ಮುಗ್ಗರಿಸುವುದು ಹೀಗೆಯೇ. ಆದ್ದರಿಂದ ತೊಲೆಯ ಬುಡದಿಂದ ಹಲಗೆಯ ದಪ್ಪದಷ್ಟನ್ನು ಮೊದಲೇ ಕೊಯ್ದು ತೆಗೆಯಬೇಕು.

ಇನ್ನು ಕರಾವಳಿಯ ಮಳೆ. ತೇವ ಕುಡಿದ ಹಲಗೆ ಅಡ್ಡಗಲಕ್ಕೆ ಊದಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಿರುಗುಟ್ಟುತ್ತದೆ. ಹಲಸಾಗಲಿ ತೇಗವಾಗಲಿ, ಚೆನ್ನಾಗಿ ಒಣಗಿದ ಮರವನ್ನೇ ತಂದು, ಕೆಲವು ವಾರ ಮನೆಯೊಳಗೆ ಪಟ್ಟಿಗಳ ಮೇಲೆ ಗಾಳಿಯಾಡುವಂತೆ ಜೋಡಿಸಿಟ್ಟು, ಆಮೇಲೆ ಕೊಯ್ಯುವುದು ಒಳಿತು.