ಪೆಟ್ಟಿಗೆಯೊಳಗಿನ ಗಾಳಿಗೆ ಬಾಡಿಗೆ

ಧಾರವಾಡದ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಜಪಾನಿನ ಆನ್‌ಲೈನ್ ಅಂಗಡಿಯೊಂದರಲ್ಲಿ ಅವರು ಬಟ್ಟೆ ಹೊದಿಸಿದ ಲ್ಯಾಂಪ್‌ಶೇಡ್ ಮೆಚ್ಚಿಕೊಂಡರಂತೆ. ತೂಕ 900 ಗ್ರಾಂ ಎಂದು ಅಂಗಡಿಯವರೇ ಬರೆದಿದ್ದರು. ಹಣ ಕಟ್ಟುವ ಪುಟಕ್ಕೆ ಬಂದಾಗ ಕೊರಿಯರ್ ಖರ್ಚು ಶೇಡಿನ ಬೆಲೆಯನ್ನೂ ಮೀರಿ ನಿಂತಿತ್ತು. ಪಕ್ಕದಲ್ಲಿ ‘ಬಿಲ್ ಆಗುವ ತೂಕ 11 ಕೆ.ಜಿ.’ ಎಂದಿತ್ತು. “ಒಂದು ಕಿಲೋ ಕೂಡ ಇಲ್ಲದ ವಸ್ತು ಹನ್ನೊಂದು ಕಿಲೋ ಹೇಗಾಯಿತು? ಇದು ಮೋಸವಲ್ಲವೆ?” ಎಂಬುದು ಅವರ ಪ್ರಶ್ನೆ.

ಮೋಸವಲ್ಲ. ಶೇಡು ಕೂತಿರುವ ರಟ್ಟಿನ ಪೆಟ್ಟಿಗೆಯ ಅಳತೆ 42, 42, 30 ಸೆಂ.ಮೀ. ಮೂರನ್ನೂ ಗುಣಿಸಿದರೆ 52,920 ಘನ ಸೆಂ.ಮೀ. ಅದನ್ನು 5000ದಿಂದ ಭಾಗಿಸಿದರೆ 10.58. ಕೊರಿಯರ್ ದರ ಅರ್ಧ ಅರ್ಧ ಕಿಲೋ ಮೆಟ್ಟಿಲುಗಳಲ್ಲಿ ಏರುತ್ತದೆ, ನಡುವೆ ನಿಂತದ್ದು ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಹಾಗಾಗಿ 11. ತಕ್ಕಡಿ ಹೇಳುವ ತೂಕ ಒಂದು, ಟೇಪು ಹೇಳುವ ತೂಕ ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ದುಡ್ಡು. ಎರಡನೆಯದನ್ನು ಈ ವ್ಯವಹಾರದವರು ‘ವಾಲ್ಯುಮೆಟ್ರಿಕ್ ವೇಟ್’ ಎನ್ನುತ್ತಾರೆ. ನಾವು ಗಾತ್ರದ ತೂಕ ಎನ್ನೋಣ.

ಈ 5000 ಎಲ್ಲಿಂದ ಬಂತು? ಧಾರವಾಡದವರಿಗೆ ಇದನ್ನು ವಿವರಿಸಲು ವಿಮಾನ ನಿಲ್ದಾಣಕ್ಕೆ ಕರೆದೊಯ್ಯಬೇಕಿಲ್ಲ, ಹತ್ತಿ ಚಕ್ಕಡಿ ಸಾಕು. ಎರೆ ಹೊಲದಿಂದ ಜೋಳದ ಚೀಲ ಹೇರಿಕೊಂಡು ಹೊರಟ ಚಕ್ಕಡಿಯನ್ನು ನೆನಪಿಸಿಕೊಳ್ಳಿ. ಚೀಲಗಳು ಗಾಡಿಯ ಅರ್ಧ ಎತ್ತರಕ್ಕೂ ಬಂದಿರುವುದಿಲ್ಲ, ಆಗಲೇ ಎತ್ತುಗಳ ಕತ್ತು ಬಗ್ಗಿರುತ್ತದೆ. ಅದೇ ಗಾಡಿಗೆ ಹತ್ತಿ ಹೇರಿದಾಗ? ಗುಡ್ಡದ ಹಾಗೆ ಮೇಲೆದ್ದು, ಎರಡೂ ಬದಿಗೆ ಉಬ್ಬಿ, ಹಗ್ಗ ಬಿಗಿದರೂ ಎದುರಿನ ಗಾಡಿಗೆ ದಾರಿ ಬಿಡದಂತೆ ಬರುತ್ತದೆ. ಎತ್ತುಗಳು ಮಾತ್ರ ಸಲೀಸಾಗಿ ಹೆಜ್ಜೆ ಹಾಕುತ್ತಿರುತ್ತವೆ. ಅವಕ್ಕೆ ಇನ್ನೂ ಕಸುವಿದೆ, ಗಾಡಿಯಲ್ಲಿ ಜಾಗವಿಲ್ಲ. ಜೋಳ ಎತ್ತನ್ನು ದಣಿಸಿತು, ಹತ್ತಿ ಗಾಡಿಯನ್ನು ತುಂಬಿಸಿತು. ಗಾಡಿಯವನು ಎರಡಕ್ಕೂ ಒಂದೇ ಕಿಲೋ ದರ ಇಟ್ಟರೆ ಹತ್ತಿಯ ದಿನ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ವಿಮಾನವೂ ಚಕ್ಕಡಿಯೇ. ದೊಡ್ಡ ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿ ಇಡುವ ಎಲ್‌ಡಿ-3 ಎಂಬ ಅಲ್ಯೂಮಿನಿಯಂ ಗೂಡಿನೊಳಗೆ ಸುಮಾರು 4.3 ಘನ ಮೀಟರ್ ಜಾಗವಿದೆ. ಗೂಡಿನ ತೂಕವೂ ಸೇರಿ ಅದು 1588 ಕಿಲೋ ಮೀರುವಂತಿಲ್ಲ. ಪುಸ್ತಕ ತುಂಬಿದರೆ ಮೊದಲು ಮುಗಿಯುವುದು ತೂಕದ ಮಿತಿ, ದಿಂಬು ತುಂಬಿದರೆ ಮೊದಲು ಮುಗಿಯುವುದು ಜಾಗ. ಆದ್ದರಿಂದ ಸಾಗಣೆಯವರು ಒಂದು ಗೆರೆ ಎಳೆದಿದ್ದಾರೆ. 5000 ಎಂಬ ಭಾಜಕದ ಅರ್ಥ ಇಷ್ಟೆ: ಒಂದು ಘನ ಮೀಟರಿಗೆ 200 ಕಿಲೋ, ಅಂದರೆ ನೀರಿನ ಸಾಂದ್ರತೆಯ ಐದನೇ ಒಂದು ಭಾಗ. ಅದಕ್ಕಿಂತ ದಟ್ಟವಾದ ಪಾರ್ಸೆಲ್ ತಕ್ಕಡಿಯ ಪಾಲು, ಅದಕ್ಕಿಂತ ಹಗುರಾದದ್ದು ಟೇಪಿನ ಪಾಲು. ವಿಮಾನ ಸರಕಿನಲ್ಲಿ ಬಳಕೆಯಲ್ಲಿರುವ ಇನ್ನೊಂದು ಭಾಜಕ 6000. ಅಲ್ಲಿ ಗೆರೆ ಸುಮಾರು 167 ಕಿಲೋಗೆ ಇಳಿಯುತ್ತದೆ. ನಮ್ಮ ಓದುಗರ ಪೆಟ್ಟಿಗೆ ಆ ಲೆಕ್ಕದಲ್ಲಿ 11ರ ಬದಲು 9 ಕಿಲೋ ಆಗುತ್ತಿತ್ತು. ಎರಡು ಕೊರಿಯರ್‌ಗಳ ದರ ಹೋಲಿಸುವಾಗ ಕಿಲೋ ದರಕ್ಕಿಂತ ಮೊದಲು ಭಾಜಕ ಯಾವುದೆಂದು ನೋಡಬೇಕು. ಅದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ, ಆದರೆ ಬರೆದಿರುತ್ತಾರೆ.

ಜಾಗ ಅಳೆದು ಬಾಡಿಗೆ ಕೇಳುವುದು ಕೊರಿಯರ್ ಯುಗದ ಆವಿಷ್ಕಾರ ಎಂದುಕೊಳ್ಳಬೇಡಿ. ಹಾಯಿ ಹಡಗಿನ ಕಾಲದಲ್ಲೇ ಬಾಡಿಗೆಗೆ ಎರಡು ಬಗೆಯ ಟನ್ನುಗಳಿದ್ದವು. ಒಂದು ತೂಕದ ಟನ್ನು, ಇನ್ನೊಂದು 40 ಘನ ಅಡಿ ಜಾಗದ ಟನ್ನು. ಈ ಎರಡನೆಯ ಟನ್ನಿನ ಜೊತೆ ನಮ್ಮ ಉತ್ತರ ಕರ್ನಾಟಕಕ್ಕೆ ಹಳೆಯ ನಂಟಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಾಗ, ಮ್ಯಾಂಚೆಸ್ಟರಿನ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಘಟ್ಟ ಇಳಿಸಿ ಹಡಗೇರಿಸಲು ಹತ್ತಿರದ ಬಂದರು ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕವಿತ್ತು. ಮ್ಯಾಂಚೆಸ್ಟರಿನ ಕಂಪನಿಯೊಂದು ಕಾರವಾರದ ಬಳಿಯ ಸದಾಶಿವಗಡದಲ್ಲಿ ಬಂದು ತಳವೂರಿತು.

ಸಡಿಲ ಅರಳೆಯನ್ನು ಹಾಗೇ ಹಡಗಿಗೆ ತುಂಬಿದರೆ ಅದು 40 ಘನ ಅಡಿಗಳನ್ನು ಒಂದರ ಮೇಲೊಂದು ನುಂಗುತ್ತ ಹೋಗುತ್ತದೆ. ಅದಕ್ಕೇ ಅರಳೆಯನ್ನು ಯಂತ್ರದಲ್ಲಿ ಅದುಮಿ, ಕಬ್ಬಿಣದ ಪಟ್ಟಿ ಬಿಗಿದು, ಬೇಲು ಕಟ್ಟಿ ಕಳಿಸುತ್ತಿದ್ದರು. ಅಮೆರಿಕದ ದಕ್ಷಿಣದ ಬಂದರುಗಳಲ್ಲಂತೂ ಆ ಬೇಲುಗಳನ್ನು ದೊಡ್ಡ ಸ್ಕ್ರೂ ಜಾಕುಗಳಿಂದ ಹಡಗಿನ ಒಡಲಿಗೆ ತಿರುಚಿ ತುರುಕುವ ಪಳಗಿದ ಆಳುಗಳೇ ಇದ್ದರು. ಅವರಿಗೆ ‘ಸ್ಕ್ರೂಮೆನ್’ ಎಂದೇ ಹೆಸರು. ಅಷ್ಟೆಲ್ಲ ಒತ್ತಿದರೂ ಒಂದು ಎಳೆ ಹತ್ತಿ ಕಡಿಮೆಯಾಗುತ್ತಿರಲಿಲ್ಲ. ಹೊರಗೆ ಹೋಗುತ್ತಿದ್ದದ್ದು ಗಾಳಿ. ಗಾಳಿಗೆ ಬಾಡಿಗೆ ಕೊಡಬಾರದೆಂದು ಉಗಿಯಂತ್ರ ಹೂಡಿದ ಜನ ಆ ಹತ್ತಿ ವ್ಯಾಪಾರಿಗಳು.

ನನಗೆ ಇನ್ನೂ ಹೆಚ್ಚು ಪ್ರಿಯವಾದ ಕತೆ ಕುರ್ಚಿಯದು. ಮಿಖಾಯೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಬಾಗುಮರದ ಕುರ್ಚಿಯನ್ನು ನೀವು ಕಂಡಿರುತ್ತೀರಿ. ಮುಂಬೈ, ಪುಣೆಯ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿಯಲು ಕೂರುವ ದುಂಡು ಬೆನ್ನಿನ ಕುರ್ಚಿಗಳು ಅದೇ ಬಳಗದವು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಜೋಡಿಸಿದ ಕುರ್ಚಿಗಳಾದರೆ ಅದೇ ಪೆಟ್ಟಿಗೆಯಲ್ಲಿ ಎಷ್ಟು ಕೂರಿಸಬಹುದು, ನಿಮ್ಮ ಮನೆಯ ಕುರ್ಚಿ ನೋಡಿಯೇ ಅಂದಾಜು ಮಾಡಿ. ಆ ಕುರ್ಚಿ ಲೋಕವನ್ನೆಲ್ಲ ಸುತ್ತಿದ್ದು ಅದರ ಚೆಲುವಿನಿಂದ ಎಂದು ಕಲಾವಿಮರ್ಶಕರು ಹೇಳುತ್ತಾರೆ. ಅರ್ಧ ಶ್ರೇಯ ಪೆಟ್ಟಿಗೆಗೆ ಸಲ್ಲಬೇಕು ಎಂದು ನಾನು ನಂಬಿದ್ದೇನೆ.

ಈಗ ಸ್ವಲ್ಪ ಜ್ಯಾಮಿತಿ. ಪೆಟ್ಟಿಗೆಯ ಪ್ರತಿ ಬದಿಯನ್ನೂ ಹತ್ತನೇ ಒಂದು ಭಾಗ ತಗ್ಗಿಸಿದರೆ ಗಾತ್ರ ಶೇ 27ರಷ್ಟು ಇಳಿಯುತ್ತದೆ. 40 ಸೆಂ.ಮೀ. ಇದ್ದದ್ದನ್ನು 36 ಮಾಡುವುದು ಅಂಗಡಿಯವನಿಗೆ ದೊಡ್ಡ ಕೆಲಸವಲ್ಲ, ನಿಮಗೆ ಗಾತ್ರದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ. ಮೆತ್ತೆಯ ವಿಷಯ ಇನ್ನೂ ಸೋಜಿಗದ್ದು. ಹತ್ತು ಸೆಂ.ಮೀ.ನ ಘನಾಕಾರದ ಒಂದು ಆಟಿಕೆಗೆ ಸುತ್ತಲೂ 5 ಸೆಂ.ಮೀ. ಮೆತ್ತೆ ಕೊಟ್ಟರೆ ಪೆಟ್ಟಿಗೆ 20 ಸೆಂ.ಮೀ. ಘನವಾಗುತ್ತದೆ. ಎಂಟು ಪಾಲಿನಲ್ಲಿ ಒಂದು ಪಾಲು ಆಟಿಕೆ, ಏಳು ಪಾಲು ಮೆತ್ತೆ. ಅಂಥ ಎಂಟು ಆಟಿಕೆಗಳು ಎಂಟು ಪೆಟ್ಟಿಗೆಗಳಲ್ಲಿ ಬಂದರೆ ಒಟ್ಟು 64,000 ಘನ ಸೆಂ.ಮೀ. ಎಂಟನ್ನೂ ಒತ್ತಾಗಿ ಜೋಡಿಸಿ ಹೊರಗೆ ಅದೇ 5 ಸೆಂ.ಮೀ. ಮೆತ್ತೆ ಕೊಟ್ಟರೆ 30 ಸೆಂ.ಮೀ. ಘನ, 27,000. ಹೊರಮೈ ಬೆಳೆಯುವುದು ವರ್ಗದಲ್ಲಿ, ಒಳಗಾತ್ರ ಬೆಳೆಯುವುದು ಘನದಲ್ಲಿ. ಮೆತ್ತೆ ಬೇಕಾಗುವುದು ಹೊರಮೈಗೆ. ಆನೆಯ ಮೂಳೆ ಏಕೆ ಅಷ್ಟು ದಪ್ಪವಿರಬೇಕು ಎಂಬುದಕ್ಕೂ ಈ ವರ್ಗ-ಘನಗಳ ಲೆಕ್ಕವೇ ಉತ್ತರ. ದೊಡ್ಡ ಪ್ರಾಣಿಗಳ ಮೂಳೆಯ ಬಗ್ಗೆ ಗೆಲಿಲಿಯೊ 1638ರ ತನ್ನ ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದ್ದ.

ಒಟ್ಟಿಗೆ ತರಿಸುವುದರ ಲಾಭ ಗಾತ್ರಕ್ಕೆ ಮುಗಿಯುವುದಿಲ್ಲ. ಬ್ರಿಟನ್ನಿನ ರೋಲಂಡ್ ಹಿಲ್ 1837ರಲ್ಲಿ ಅಂಚೆಯ ಖರ್ಚನ್ನು ಬಿಡಿಸಿ ನೋಡಿದ. ಲಂಡನ್ನಿನಿಂದ ಎಡಿನ್‌ಬರೋವರೆಗೆ ಒಂದು ಕಾಗದವನ್ನು ಹೊತ್ತೊಯ್ಯಲು ತಗಲುವ ನಿಜವಾದ ಖರ್ಚು ಒಂದು ಪೆನ್ನಿಯ 36ನೇ ಒಂದು ಭಾಗ ಎಂದು ಅವನಿಗೆ ಕಂಡಿತು. ಉಳಿದ ದುಡ್ಡೆಲ್ಲ ತೆಗೆದುಕೊಳ್ಳುವ, ಬರೆದಿಡುವ, ವಿಂಗಡಿಸುವ, ಮನೆಗೆ ಮುಟ್ಟಿಸುವ ಕೈಗಳಿಗೆ ಹೋಗುತ್ತಿತ್ತು. 1840ರ ಪೆನ್ನಿ ಅಂಚೆ ಹುಟ್ಟಿದ್ದು ಈ ಲೆಕ್ಕದಿಂದ. ದೂರ ಎಷ್ಟೇ ಇರಲಿ ಒಂದೇ ದರ ಎಂಬ ನಮ್ಮ 1854ರ ಅರ್ಧಾಣೆ ಅಂಚೆಗೂ ಇದೇ ಬೇರು. ಇವತ್ತಿನ ದರಪಟ್ಟಿಯಲ್ಲೂ ಹಿಲ್ ಕಾಣಿಸುತ್ತಾನೆ: ಮೊದಲ ಅರ್ಧ ಕಿಲೋ ದುಬಾರಿ, ಆಮೇಲಿನ ಪ್ರತಿ ಅರ್ಧ ಕಿಲೋ ಸಾಮಾನ್ಯವಾಗಿ ಅಗ್ಗ. ಮೊದಲನೆಯದರಲ್ಲಿ ಆ ಎಲ್ಲ ಕೈಗಳ ಕೂಲಿ ಇದೆ.

ಹಾಗಂತ ವಿದೇಶಿ ವಿಳಾಸ ಕೊಟ್ಟು, ನಿಮ್ಮ ಖರೀದಿಗಳನ್ನೆಲ್ಲ ಕೂಡಿಸಿ ಕಳಿಸುವ ಮಧ್ಯವರ್ತಿಗಳ ಜಾಹೀರಾತನ್ನು ಪೂರ್ತಿ ನಂಬಬೇಡಿ. ಅಂಗಡಿಯ ಪೆಟ್ಟಿಗೆಗಳನ್ನು ಬಿಚ್ಚದೆ ಹಾಗೇ ದೊಡ್ಡ ಪೆಟ್ಟಿಗೆಯೊಳಗೆ ಇಟ್ಟರೆ ಗಾಳಿಯೂ ಜೊತೆಗೇ ಬರುತ್ತದೆ. ಬಿಚ್ಚಿ ಮರುಪ್ಯಾಕ್ ಮಾಡುತ್ತಾರೆಯೇ, ಹೊಸ ಪೆಟ್ಟಿಗೆಯ ಮೂರು ಅಳತೆ ಏನು ಎಂದು ಮೊದಲೇ ಕೇಳಿ. ತೂಕ ಮಾತ್ರ ಕೇಳಿ ದರ ಹೇಳುವ ಕ್ಯಾಲ್ಕ್ಯುಲೇಟರುಗಳೂ ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ.

ಅಂಚೆಯ ದಾರಿ ಬೇರೆ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ಅಂಚೆ ಒಕ್ಕೂಟಕ್ಕೆ ಭಾರತ 1876ರಲ್ಲೇ ಸೇರಿತು. ಅದರ ನಿಯಮದ ‘ಸ್ಮಾಲ್ ಪ್ಯಾಕೆಟ್’ 2 ಕಿಲೋ ಮೀರಬಾರದು. ಉದ್ದ, ಅಗಲ, ಎತ್ತರ ಕೂಡಿದರೆ 90 ಸೆಂ.ಮೀ. ದಾಟಬಾರದು, ಯಾವ ಬದಿಯೂ 60 ಮೀರಬಾರದು. ಇಲ್ಲಿ ಗಾತ್ರ ಒಂದು ಬೇಲಿ ಮಾತ್ರ. ಬೇಲಿಯೊಳಗೆ ಇದ್ದರೆ ಎಣಿಕೆಗೆ ಬರುವುದು ನಿಜವಾದ ತೂಕ. 30 ಸೆಂ.ಮೀ. ಘನದ, ಒಂದೂವರೆ ಕಿಲೋ ತೂಗುವ ಪೆಟ್ಟಿಗೆ ಕೊರಿಯರಿನಲ್ಲಿ ಐದೂವರೆ ಕಿಲೋ ಆಗುತ್ತದೆ, ಅಂಚೆಯಲ್ಲಿ ಒಂದೂವರೆಯಾಗಿಯೇ ಉಳಿಯುತ್ತದೆ. ತಡವಾಗುತ್ತದೆ, ನಿಜ. ದೀಪದ ಶೇಡಿಗೆ ಏನು ಅವಸರ?

ಸುಂಕದ ಬಗ್ಗೆ ಒಂದು ಮಾತು. ಬಹಳ ಜನಕ್ಕೆ ಗೊತ್ತಿಲ್ಲದ ಮಾತು, ಅದಕ್ಕೇ ಹೇಳುತ್ತಿದ್ದೇನೆ. ಭಾರತದಲ್ಲಿ ಸುಂಕ ಬೀಳುವುದು ವಸ್ತುವಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಆದರೆ ವಿಮಾನದಲ್ಲಿ ಬಂದ ಸರಕಿಗೆ 2007ರ ಮೌಲ್ಯಮಾಪನ ನಿಯಮ ಒಂದು ಮಿತಿ ಹಾಕಿದೆ: ಸಾಗಣೆಯ ಪಾಲು ವಸ್ತುವಿನ ಬೆಲೆಯ ಶೇ 20 ದಾಟುವಂತಿಲ್ಲ. ಮೂರು ಸಾವಿರದ ವಸ್ತುವಿಗೆ ಎರಡು ಸಾವಿರ ಸಾಗಣೆ ಕೊಟ್ಟಿದ್ದರೂ ಸುಂಕದ ಲೆಕ್ಕಕ್ಕೆ 600 ರೂಪಾಯಿ ಸಾಗಣೆ ಮಾತ್ರ ಬರಬೇಕು. ಬಿಲ್ಲಿನಲ್ಲಿ ಇಡೀ ಎರಡು ಸಾವಿರ ಸೇರಿದ್ದು ಕಂಡರೆ ಬಾಯಿಬಿಟ್ಟು ಕೇಳಿ. ಅಮೆರಿಕದಲ್ಲಿರುವ ಮಕ್ಕಳಿಗೆ ಇಲ್ಲಿಂದ ಕಳಿಸುವವರು ಇನ್ನೊಂದು ಸಂಗತಿ ಗಮನಿಸಬೇಕು. 800 ಡಾಲರ್‌ವರೆಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಂದು ಎಲ್ಲ ದೇಶಗಳಿಗೂ ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಅದಕ್ಕೂ ನಾಲ್ಕು ದಿನ ಮುಂಚೆಯೇ ಆ ದೇಶದ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಈಗ ಅಲ್ಲಿಗೆ ಕಳಿಸುವಾಗ ಸುಂಕ ಯಾರು, ಎಲ್ಲಿ ಕಟ್ಟುತ್ತಾರೆ ಎಂಬುದನ್ನು ಸಾಗಣೆ ದರದ ಜೊತೆಗೇ ಕೇಳಬೇಕಾಗಿದೆ.

ಮತ್ತೆ ಲ್ಯಾಂಪ್‌ಶೇಡಿಗೆ ಬರೋಣ. ಅದರ ತಂತಿಯ ಚೌಕಟ್ಟು ಬಗ್ಗುವಂಥದ್ದಲ್ಲ, ಬೇಲು ಕಟ್ಟಲಾಗದು, ಪೆಟ್ಟಿಗೆ ಅಂಚೆಯ ಬೇಲಿಯೊಳಗೂ ಹಿಡಿಯದು. ಆದರೆ ಜಪಾನಿನ ಗಿಫು ಊರಿನಲ್ಲಿ ಬಿದಿರಿನ ಎಳೆಗೆ ವಾಶಿ ಕಾಗದ ಅಂಟಿಸಿ ಮಾಡುವ ಮಡಚುವ ದೀಪಗಳಿವೆ. ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಅವನ್ನು ನೋಡಿ, ಅದೇ ಕಸುಬಿನಿಂದ ‘ಅಕಾರಿ’ ಎಂಬ ದೀಪಗಳನ್ನು ರೂಪಿಸಿದ. ಬಿಡಿಸಿದರೆ ಹುಣ್ಣಿಮೆ ಚಂದ್ರ, ಮಡಚಿದರೆ ಊಟದ ತಟ್ಟೆ. ಓದುಗರಿಗೆ ನನ್ನ ಸಲಹೆ: ಆ ಬಗೆಯ, ಅಷ್ಟೇ ಅಗಲದ, ಅಷ್ಟೇ ಹಗುರಾದ ಒಂದನ್ನು ಹುಡುಕಿ. ಪೆಟ್ಟಿಗೆ 42, 42, 6 ಸೆಂ.ಮೀ. ಇದ್ದರೆ ಗಾತ್ರದ ತೂಕ 2.12 ಬರುತ್ತದೆ, ಕೊರಿಯರಿನಲ್ಲಿ 11 ಕಿಲೋ ಇದ್ದದ್ದು ಎರಡೂವರೆಗೆ ಇಳಿಯಿತು. ಅಂಚೆಯಲ್ಲಾದರೆ ಮೂರೂ ಬದಿ ಕೂಡಿಸಿ ನೋಡಿ: ಸರಿಯಾಗಿ 90.