ನಿದ್ದೆ ಮಾಡಿದರೆ ಹೆಂಗಸರು ದಪ್ಪ ಆಗ್ತಾರಾ? ಅಧ್ಯಯನಗಳು ಹೇಳುವುದು ಉಲ್ಟಾ

“ಹೆಣ್ಣುಮಕ್ಕಳು ಬಹಳ ಮಲಗಿದರೆ ಮೈ ಬರುತ್ತೆ, ತೂಕ ಇಳಿಸಬೇಕಂದ್ರೆ ನಿದ್ದೆ ಕಡಿಮೆ ಮಾಡಿ.” ಇಂಥ ಮಾತು ಮನೆಯಲ್ಲೂ ಕೇಳುತ್ತದೆ, ವಾಟ್ಸಾಪ್‌ನಲ್ಲೂ ಓಡಾಡುತ್ತದೆ. ಫಾರ್ವರ್ಡ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ.

ಇಂಡಿ ತಾಲ್ಲೂಕಿನ ಸಾಲೋಟಗಿಯಂಥ ಊರುಗಳಲ್ಲಿ ಹೆಣ್ಣುಮಕ್ಕಳ ದಿನ ಶುರುವಾಗುವುದು ನಸುಕಿನಲ್ಲಿ, ರೊಟ್ಟಿ ಬಡಿಯುವ ಸಪ್ಪಳದೊಂದಿಗೆ. ಹೊಲಕ್ಕೆ ಹೋಗುವವರ ಬುತ್ತಿ ಆಗಲೇ ಸಿದ್ಧವಾಗಬೇಕು. ರಾತ್ರಿ ಎಲ್ಲರ ಊಟವಾಗಿ, ಪಾತ್ರೆ ತಿಕ್ಕಿದ ಮೇಲೆಯೇ ಹಾಸಿಗೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇಷ್ಟು ದುಡಿಯುವವರಿಗೆ ‘ನಿದ್ದೆ ಕಡಿಮೆ ಮಾಡು’ ಎನ್ನುವುದು ತಪ್ಪು ಸಲಹೆ.

ನಮ್ಮ ದೇಹದಲ್ಲಿ ಹಸಿವು ಎಬ್ಬಿಸುವ ಹಾರ್ಮೋನು ಘ್ರೆಲಿನ್. ‘ಸಾಕು’ ಎನ್ನುವವು ಲೆಪ್ಟಿನ್, ಜಿಎಲ್‌ಪಿ-1 ಮುಂತಾದವು. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ತಾಸು ಮಲಗಲು ಬಿಟ್ಟರು. ಹತ್ತು ತಾಸು ಮಲಗಲು ಬಿಟ್ಟಾಗಿನದಕ್ಕೆ ಹೋಲಿಸಿದರೆ ಘ್ರೆಲಿನ್ 28% ಹೆಚ್ಚಿತ್ತು, ಲೆಪ್ಟಿನ್ 18% ಕಡಿಮೆ ಇತ್ತು. ಈ ಅಂಕಿಗಳನ್ನು ಎಲ್ಲರೂ ಹಂಚುತ್ತಾರೆ. ಆದರೆ ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ!

ಹೆಂಗಸರನ್ನೂ ಸೇರಿಸಿ ನೋಡಿದ್ದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ. 2012ರ ಅದರ ವರದಿಯಂತೆ ನಿದ್ದೆಗೆಟ್ಟಾಗ ಗಂಡಸರಲ್ಲಿ ಘ್ರೆಲಿನ್ ಏರಿತು; ಹೆಂಗಸರಲ್ಲಿ ಅದು ಏರಲಿಲ್ಲ, ಬದಲಿಗೆ ಮಧ್ಯಾಹ್ನದ ಹೊತ್ತು ಜಿಎಲ್‌ಪಿ-1 ಇಳಿಯಿತು. ಅಂದರೆ ಗಂಡಸಿಗೆ ಹಸಿವು ಜಾಸ್ತಿಯಾಗುತ್ತದೆ, ಹೆಂಗಸಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಅಧ್ಯಯನ ಚಿಕ್ಕದು, ಕೇವಲ 27 ಜನ. ಇದೇ ತಂಡದ 2011ರ ಪ್ರಯೋಗದಲ್ಲಿ ನಿದ್ದೆ ಕಡಿಮೆಯಾದವರು ದಿನಕ್ಕೆ ಸುಮಾರು 300 ಕ್ಯಾಲೊರಿ ಹೆಚ್ಚು ತಿಂದಿದ್ದರು. ಸಂಜೆ ಚಾ ಜೊತೆ ಒಂದು ತಟ್ಟೆ ಭಜಿ ತಿಂದರೆ ಸುಮಾರು ಅಷ್ಟಾಗುತ್ತದೆ. ಹಾಗಾಗಿ ‘ಬಾಯಿ ಕಟ್ಟೋದಿಲ್ಲ’ ಎಂದು ಅವರನ್ನು ಬೈಯುವುದರಲ್ಲಿ ನ್ಯಾಯವಿಲ್ಲ.

ತೂಕ ಎಷ್ಟು ಏರುತ್ತದೆ? ಅಮೆರಿಕದ 68,183 ನರ್ಸ್‌ಗಳನ್ನು 16 ವರ್ಷ ಗಮನಿಸಿದ ಅಧ್ಯಯನದಲ್ಲಿ, ಐದು ತಾಸು ಅಥವಾ ಇನ್ನೂ ಕಡಿಮೆ ಮಲಗುವವರ ತೂಕ ಏಳು ತಾಸು ಮಲಗುವವರಿಗಿಂತ ಸರಾಸರಿ 1.14 ಕಿಲೊ ಹೆಚ್ಚು ಏರಿತ್ತು. ಇದು ದೊಡ್ಡ ಅಂತರವಲ್ಲ. ಆದ್ದರಿಂದ ‘ಮಲಗಿ, ತಿಂಗಳಲ್ಲಿ ಹತ್ತು ಕಿಲೊ ಇಳಿಸಿ’ ಎನ್ನುವ ವಿಡಿಯೊಗಳನ್ನೂ ನಂಬಬೇಡಿ. ಆದರೆ 2022ರಲ್ಲಿ, ತೂಕ ಹೆಚ್ಚಿದ್ದ, ಆರೂವರೆ ತಾಸಿಗಿಂತ ಕಡಿಮೆ ಮಲಗುತ್ತಿದ್ದ 80 ಜನರ ಮೇಲೆ ಶಿಕಾಗೊದಲ್ಲೇ ಮತ್ತೊಂದು ಪ್ರಯೋಗ ನಡೆಯಿತು. ಅವರಲ್ಲಿ ಅರ್ಧದಷ್ಟು ಜನ ಒಂದು ತಾಸಿಗೂ ಹೆಚ್ಚು ನಿದ್ದೆ ಹೆಚ್ಚಿಸಿಕೊಂಡರು. ಪಥ್ಯ ಯಾರಿಗೂ ಹೇಳಿರಲಿಲ್ಲ, ಆದರೂ ನಿದ್ದೆ ಹೆಚ್ಚಿಸಿಕೊಂಡವರು ಉಳಿದವರಿಗಿಂತ ದಿನಕ್ಕೆ ಸರಾಸರಿ 270 ಕ್ಯಾಲೊರಿ ಕಡಿಮೆ ಸೇವಿಸಿದರು.

ದೊಡ್ಡವರಿಗೆ ದಿನಕ್ಕೆ ಕನಿಷ್ಠ ಏಳು ತಾಸು ನಿದ್ದೆ ಬೇಕು. ಮಲಗುವಾಗ ಮೊಬೈಲ್ ದೂರ ಇಡುವುದು ಒಳ್ಳೆಯದೇ. ಆದರೆ ಬಹಳ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ನೆರವಾಗುವುದು ನೀರು ತುಂಬುವ, ಪಾತ್ರೆ ತಿಕ್ಕುವ ಕೆಲಸವನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳುವುದು. ಸಾಕಷ್ಟು ಮಲಗಿದರೂ ಹಗಲು ತೂಕಡಿಕೆ ಬಂದರೆ, ಜೋರು ಗೊರಕೆಯ ನಡುವೆ ಉಸಿರುಗಟ್ಟಿ ಎಚ್ಚರವಾದರೆ, ಇಲ್ಲವೇ ಕಾರಣವಿಲ್ಲದೆ ತೂಕ ಏರುತ್ತಿದ್ದರೆ ವೈದ್ಯರಿಗೆ ತೋರಿಸಿ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದೂ ಕೇಳಿ.